ಮೆಟ್ಟಿಲ ಮೇಲೆ ಆಡಿದ ಮಾತು

ಮಾರ್ಚ್ 4

ಜಾಣಿ,

ನಿನ್ನ ಕೆಮ್ಮು ಹೋಯಿತಾ? ಫೋನ್ ಮಾಡದೆ ಮತ್ತೆ ಕಾಗದ ಬರೆದಳಲ್ಲ ಅಂತ ಗೊಣಗಬೇಡ. ಜೀವಮಾನವಿಡೀ ಆಸ್ಪತ್ರೆಯ ಟೆಲಿಫೋನ್ ಬೋರ್ಡಿನ ಮುಂದೆ ಕೂತು "ಹೇಳಿ, ಯಾರು ಬೇಕಿತ್ತು?" ಅಂದವಳಿಗೆ ಇನ್ನು ಫೋನಿನ ಸಹವಾಸ ಸಾಕು. ಕಾಗದದಲ್ಲಾದರೆ ನಾನು ಹೇಳಿ ಮುಗಿಸುವ ಮುಂಚೆ "ಸರಿ, ಇಡ್ಲಾ?" ಅನ್ನುವುದಕ್ಕೆ ನಿನಗೂ ಆಗುವುದಿಲ್ಲ.

ಸುದ್ದಿ ಏನೆಂದರೆ, ನನಗೆ ಕೆಲಸ ಸಿಕ್ಕಿದೆ. ನಗಬೇಡ. ಈ ವಯಸ್ಸಿನಲ್ಲಿ ಕೊರಳಿಗೆ ಪಟ್ಟಿ ಕಟ್ಟಿದ ಗುರುತಿನ ಚೀಟಿ ನೇತುಹಾಕಿಕೊಂಡು ಓಡಾಡುತ್ತಿದ್ದೇನೆ.

ನಮ್ಮ ಬೋರ್ಡನ್ನು ಕಿತ್ತು ಯಂತ್ರದ ದನಿ ಹಾಕಿದರಲ್ಲ, ಆ ದಿನ ಅದರ ವಿಡಿಯೊ ಮಾಡಲು ಒಬ್ಬ ಹುಡುಗಿ ಬಂದಿದ್ದಳು. ಮುಖಕ್ಕಿಂತ ದೊಡ್ಡ ಕನ್ನಡಕ. ನಾನು ಕೊನೆಯ ಕರೆ ತೆಗೆದುಕೊಂಡದ್ದನ್ನು ಕೇಳಿ, "ಅಮ್ಮಾ, ಇನ್ನೊಂದ್ಸಲ ಮಾತಾಡಿ" ಅಂದಳು. ಏನು ಮಾತಾಡಲಿ ಅಂದೆ. "ಏನಾದ್ರೂ. ಗೋಡೆ ಮೇಲಿರೋ ಆ ಸೂಚನೆನಾದ್ರೂ ಓದಿ." ಓದಿದೆ. ಗದ್ದಲ ಮಾಡಬಾರದು, ನೆಲದ ಮೇಲೆ ಉಗುಳಬಾರದು, ಅಷ್ಟೇ. ಮರುವಾರ ಅವರ ಆಫೀಸಿನಿಂದ ಕರೆ ಬಂತು. ಅವರು ಬರೆಯುವ ಸುದ್ದಿಗಳನ್ನು ನಾನು ಓದಬೇಕಂತೆ. ಬಸ್ಸಲ್ಲಿ ನಿಂತುಕೊಂಡು ಹೋಗುವವರು, ಪಾತ್ರೆ ತೊಳೆಯುತ್ತಿರುವವರು, ಕಣ್ಣು ಕಾಣದವರು ಕಿವಿಗೆ ಹಾಕಿಕೊಂಡು ಕೇಳುತ್ತಾರಂತೆ.

ಯಾವ ಕಂಪನಿ ಅಂತ ಹೇಳಲೋ ಬೇಡವೋ ಅಂತ ಇಷ್ಟು ದಿನ ಕಾಗದ ಮುಟ್ಟಲಿಲ್ಲ. ನೀನು ಎರಡು ಸಲ ಅರ್ಜಿ ಹಾಕಿದ್ದೆಯಲ್ಲ, ಅದೇ. ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನನ್ನಿಂದಲೇ ತಿಳಿಯಲಿ.

ಒಂದು ಹೇಳಿಕೊಡು. ಅಲ್ಲಿ ಮಾತೆತ್ತಿದರೆ 'ಕಂಟೆಂಟ್' ಅನ್ನುತ್ತಾರೆ. ಸುದ್ದಿಗೂ ಅದೇ, ಹಾಡಿಗೂ ಅದೇ, ನನಗೂ ಅದೇ. ಹಾಗಂದರೇನು?

ಹೊಸ ಕೆಲಸಗಾತಿ,
ಅಮ್ಮ

*

ಮಾರ್ಚ್ 19

ಅಮ್ಮ,

ಕಾಗದ ಬಂದು ವಾರವಾಯಿತು. ನಮ್ಮ ವಾರಪತ್ರಿಕೆ ಅಚ್ಚಿಗೆ ಹೋಗುವ ಗಡಿಬಿಡಿ, ಅದಕ್ಕೇ ತಡ. ಸಂತೋಷ. ನಿಜವಾಗಿಯೂ ಸಂತೋಷ.

'ಕಂಟೆಂಟ್' ಅಂದರೆ ಡಬ್ಬಿಯೊಳಗೆ ತುಂಬುವ ಸರಕು. ಡಬ್ಬಿ ಅವರದು. ಸರಕು ಯಾರದಾದರೂ ನಡೆಯುತ್ತದೆ. ಇವತ್ತು ನಿನ್ನದು, ನಾಳೆ ಇನ್ನೊಬ್ಬರದು. ಅದಕ್ಕೇ ಹೇಳುತ್ತಿದ್ದೇನೆ, ಹೊಗಳಿದರೆಂದು ಉಬ್ಬಬೇಡ, ಸಹಿ ಹಾಕುವ ಮುಂಚೆ ಪೂರ್ತಿ ಓದು. ಅಲ್ಲಿ ಯಾರೂ ಬಹಳ ಕಾಲ ನಿಲ್ಲುವುದಿಲ್ಲ ಅಂತ ಕೇಳಿದ್ದೇನೆ.

ನಿನ್ನನ್ನು ಎಲ್ಲಿ ಕೂರಿಸಿದ್ದಾರೆ? ಮೂರನೆಯ ಮಹಡಿಯಲ್ಲಾ? ಅಲ್ಲೊಂದು ಹಸಿರು ಸೋಫಾದ ಕೋಣೆ ಇತ್ತು, ಬಂದವರು ಕಾಯುವುದಕ್ಕೆ. ಗಾಜಿನಾಚೆ ಎಲ್ಲರೂ ಕೆಲಸ ಮಾಡುವುದು ಕಾಣುತ್ತಿತ್ತು. ಕಿಟಕಿಯ ಪಕ್ಕ ಒಂದು ಉದ್ದನೆಯ ಮೇಜಿತ್ತು, ಅದರ ಮೇಲೆ ಬಿಸಿಲು ಬೀಳುತ್ತಿತ್ತು. ಈಗಲೂ ಇದೆಯಾ? ನಿನಗೆ ಸಂದರ್ಶನ ಏನಾದರೂ ಮಾಡಿದರಾ, ಸುಮ್ಮನೆ ತೆಗೆದುಕೊಂಡುಬಿಟ್ಟರಾ? ಏನೇನು ಕೇಳಿದರು?

ಕೆಮ್ಮು ಹೋಗಿದೆ.

ನಿನ್ನ ಮಗಳು

*

ಏಪ್ರಿಲ್ 11

ಜಾಣಿ,

ಸಂದರ್ಶನ ಇರಲಿಲ್ಲ. "ನಾಳೆಯಿಂದ ಬರ್ತೀರಾ?" ಅಂದರು, "ಬರ್ತೀನಿ" ಅಂದೆ. ಆ ಕಿಟಕಿಯ ಮೇಜು ಇದೆ. ಅಲ್ಲಿ ನಮ್ಮ ಕನ್ನಡಕ ಕೂರುತ್ತಾಳೆ. ನಾನು ಓದಿದ್ದನ್ನು ಕತ್ತರಿಸಿ, ಜೋಡಿಸಿ, ಕೆಮ್ಮು ಸೀನು ತೆಗೆದು ಚೊಕ್ಕ ಮಾಡುವವಳು ಅವಳೇ. ನನ್ನದೊಂದು ಸಣ್ಣ ಕೋಣೆ, ಗೋಡೆಗೆಲ್ಲ ಸ್ಪಂಜು ಮೆತ್ತಿದ್ದಾರೆ. ಒಳಗೆ ಹೋದರೆ ಹಾಸಿಗೆಯ ಹೊಟ್ಟೆಯೊಳಗೆ ಕೂತಂತೆ.

ಈಗ ಕೂತಿದ್ದೀಯಾ? ನನಗೆ ನನ್ನದೇ ಕಾರ್ಯಕ್ರಮ ಕೊಟ್ಟಿದ್ದಾರೆ! 'ಸಂಜೆಯ ಕರೆ' ಅಂತ ಹೆಸರು. ಜನ ಕಷ್ಟಸುಖ ಬರೆದು ಕಳಿಸುತ್ತಾರೆ, ನಾನು ಓದಿ ಎರಡು ಮಾತು ಆಡುತ್ತೇನೆ. ಮೊನ್ನೆ ಔಷಧದಂಗಡಿಯವನು ಮಾತ್ರೆ ಕಟ್ಟುತ್ತಾ ಕಟ್ಟುತ್ತಾ ನಿಲ್ಲಿಸಿ, "ಸಂಜೆ ಕರೆಯೋರು ನೀವೇನಾ?" ಅಂದ. ಹಿಂದೆ ನಿಂತಿದ್ದವರೆಲ್ಲ ತಿರುಗಿ ನೋಡಿದರು. ನನಗೆ ಮಾತ್ರೆ ಮರೆತೇಹೋಯಿತು, ಅಲ್ಲೇ ಬಿಟ್ಟು ಬಂದಿದ್ದೇನೆ.

ಬೆಳಗಿನ ಸುದ್ದಿ ಓದುವ ಚೆಲುವೆಗೆ ನನ್ನನ್ನು ಕಂಡರೆ ಆಗುವುದಿಲ್ಲ. "ಏನ್ ಆಂಟಿ, ಇವತ್ತೂ ನಿಮ್ಮ ಕಾಯಂ ಕೇಳುಗರು ಅತ್ರಾ?" ಅನ್ನುತ್ತಾಳೆ. ಅವಳಿಗಿಂತ ನನ್ನದಕ್ಕೆ ಜನ ಜಾಸ್ತಿ. ಎಷ್ಟು ಜನ ಅಂತ ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಕಾಣುತ್ತದೆ. ನೋಡಬಾರದು ಅಂದುಕೊಂಡು ಹೋಗುತ್ತೇನೆ, ಕತ್ತು ತಾನಾಗಿ ತಿರುಗುತ್ತದೆ.

ಒಂದು ದಿನ ಕೇಳಿ ಹೇಗಿದೆ ಅಂತ ಬರಿ. ನೀನು ಏನೂ ಅಂದಿಲ್ಲ.

ಅಂಗಡಿಬೀದಿಯಲ್ಲಿ ಹೆಸರಾದ
ಅಮ್ಮ

*

ಮೇ 20

ಅಮ್ಮ,

ಇವತ್ತು ನಮ್ಮ ಉಪಸಂಪಾದಕಿ 'ಸಂಜೆಯ ಕರೆ' ಕೇಳಿ ಬಂದು ಎಲ್ಲರೆದುರು, "ನಿಮ್ಮಮ್ಮನ ದನಿ ಜೇನು ಕಣ್ರೀ. ಚಿಕ್ಕವರಿದ್ದಾಗ ನೀವು ಉಗ್ಗುತ್ತಿದ್ರಂತೆ? ಈಗ ಗೊತ್ತೇ ಆಗಲ್ಲ ಬಿಡಿ" ಅಂದರು.

ಗೊತ್ತಾಗಬಾರದೆಂದೇ ಅಲ್ಲವಾ ನಾನು ಮೀಟಿಂಗಿನಲ್ಲಿ ಬಾಯಿ ಹೊಲಿದುಕೊಂಡು ಕೂರುವುದು? ಹೇಳಲಾಗದ ಪದ ಬಂದರೆ ವಾಕ್ಯವನ್ನೇ ತಿರುಗಿಸಿ ಬೇರೆ ದಾರಿಯಲ್ಲಿ ಹೋಗುವುದು? ಫೋನಿನಲ್ಲಿ ಬೇಗ ಇಟ್ಟುಬಿಡುವುದು? ನಾನು ಕನ್ನಡಿಯ ಮುಂದೆ ಪೇಪರು ಹಿಡಿದು ಸುದ್ದಿ ಓದುವ ಆಟ ಆಡುತ್ತಿದ್ದುದು, ಮೊದಲ ಪದದಲ್ಲೇ ಸಿಕ್ಕಿಕೊಂಡು ಪೇಪರು ಹರಿದುಹಾಕುತ್ತಿದ್ದುದು, ಇದನ್ನೆಲ್ಲ ನೀನು ಮೈಕಿನಲ್ಲಿ ಯಾರು ಯಾರಿಗೋ ಹೇಳಿದೆ. ಹೇಳಿ ಎಷ್ಟು ಜನ ಕೇಳಿದರು ಅಂತ ಗೋಡೆ ನೋಡಿದೆ.

ಆ ಕಂಪನಿಯವರು ನನ್ನನ್ನು ಯಾಕೆ ತೆಗೆದುಕೊಳ್ಳಲಿಲ್ಲ ಅಂತ ನೀನು ಕೇಳಿಲ್ಲ, ನಾನು ಹೇಳಿಲ್ಲ. ಈಗ ಕೇಳು. ಎರಡನೆಯ ಸಲ ಒಳಗೆ ಕರೆದು, ಹೆಸರು ಹೇಳಿ ಅಂದರು. ಮೊದಲ ಅಕ್ಷರದಲ್ಲೇ ನಿಂತೆ. ಅವರು ಕಾದರು. ಆಮೇಲೆ ಕೈಲಿದ್ದ ಅರ್ಜಿ ನೋಡಿ ನನ್ನ ಹೆಸರನ್ನು ಅವರೇ ಓದಿಕೊಂಡರು. "ಇಲ್ಲಿ ಎಲ್ರೂ ಕ್ಯಾಮೆರಾ ಮುಂದೆ ಮಾತಾಡ್ಬೇಕಾಗತ್ತೆ" ಅಂತ ಬಹಳ ಮರ್ಯಾದೆಯಿಂದ ಹೇಳಿದರು.

ಅದೇ ಬಾಗಿಲಲ್ಲಿ ನಿನ್ನನ್ನು "ನಾಳೆಯಿಂದ ಬರ್ತೀರಾ" ಅಂತ ಕರೆದರು. ಹೆತ್ತವಳು ಮಗಳಿಗೆ ಮೂಗು ಕೊಡುತ್ತಾಳೆ, ಕೂದಲು ಕೊಡುತ್ತಾಳೆ. ದನಿಯನ್ನು ಮಾತ್ರ ಪೂರ್ತಿ ನೀನೇ ಇಟ್ಟುಕೊಂಡೆ.

ನಿನ್ನ ಕಾರ್ಯಕ್ರಮ ಕೇಳಲು ಪುರುಸೊತ್ತಾಗಿಲ್ಲ.

ನಿನ್ನ ಮಗಳು

*

ಜೂನ್ 6

ಜಾಣಿ,

ತಪ್ಪಾಯಿತು ಅಂತ ಬರೆದೆ, ಅದರ ಹಿಂದೆಯೇ 'ಆದರೆ' ಬಂತು, ಹರಿದೆ. ಇನ್ನೊಂದು ಹಾಳೆಯಲ್ಲೂ ಹಾಗೇ ಆಯಿತು. ಈ ಹಾಳೆಯಲ್ಲಿ 'ಆದರೆ' ಬರೆಯುವುದಿಲ್ಲ. ತಪ್ಪಾಯಿತು.

ಸಂದರ್ಶನದ ವಿಷಯ ಓದಿ ಎರಡು ದಿನ ಆ ಹಸಿರು ಸೋಫಾದ ಕಡೆ ನೋಡದೆ ಓಡಾಡಿದೆ. ಓದುವಾಗ ಮೂರು ಸಲ ತಪ್ಪಿದೆ. ಕನ್ನಡಕ ಬಂದು "ಏನಾಯ್ತಮ್ಮ?" ಅಂದಳು. ನನಗೆ ಅಳು ಬಂತು. ಅವಳು ನನ್ನನ್ನು ಹಿಂದಿನ ಮೆಟ್ಟಿಲ ಹತ್ತಿರ ಕರೆದುಕೊಂಡು ಹೋದಳು.

ನಿನಗೆ ಆ ಮೆಟ್ಟಿಲ ಕಥೆ ಹೇಳುತ್ತೇನೆ, ನಗು ಬರುತ್ತದೆ. ಬಾಗಿಲಲ್ಲಿ ಒಂದು ಯಂತ್ರ ನಿಲ್ಲಿಸಿದ್ದಾರೆ, 'ಇಲ್ಲಿ ಕೆಲಸ ಮಾಡುವುದು ಹೇಗನ್ನಿಸುತ್ತದೆ?' ಅಂತ. ನಗುವ ಮುಖ, ಸಪ್ಪೆ ಮುಖ, ಅಳುವ ಮುಖ. ಒಂದನ್ನು ಒತ್ತಿ ಮನೆಗೆ ಹೋಗಬೇಕು. ಯಂತ್ರ ಇರುವುದು ನಮ್ಮ ಸಂಪಾದಕರ ಗಾಜಿನ ಕೋಣೆಗೆ ಎದುರಾಗಿ. ಮೂವತ್ತೂ ದಾಟದ ಮನುಷ್ಯ. ನಾನು ಮನಸ್ಸಿನಲ್ಲೇ ಮರಿಸಾಹೇಬ ಅಂತ ಕರೆಯುತ್ತೇನೆ. ಅವರು ತಲೆ ಎತ್ತಿ ನೋಡುತ್ತಿರುವಾಗ ಅಳುವ ಮುಖ ಒತ್ತುವವರು ಯಾರು? ಎಲ್ಲರೂ ನಗುವ ಮುಖ ಒತ್ತಿ, ಹಿಂದಿನ ಮೆಟ್ಟಿಲಿಗೆ ಬಂದು ಅಳುತ್ತಾರೆ. ನಿಜವಾದ ಯಂತ್ರ ಆ ಮೆಟ್ಟಿಲು.

ಅಲ್ಲಿ ಕೇಳಿದ್ದನ್ನು ಕೇಳಿದರೆ ನಿನಗೆ ಆ ಕಂಪನಿ ಸಿಗದೇ ಇದ್ದದ್ದೇ ಒಳ್ಳೆಯದಾಯಿತು ಅನ್ನಿಸುತ್ತದೆ. ಇದೆಲ್ಲ ನಿನ್ನ ಹೊಟ್ಟೆಯಲ್ಲೇ ಇರಲಿ.

ಕೋಪ ಇಳಿದಾಗ ಬರಿ.

ಅಮ್ಮ

*

ಜೂನ್ 21

ಅಮ್ಮಾ,

ಕೋಪ ಇಳಿದಿದೆ. ಅಷ್ಟು ಖಾರವಾಗಿ ಬರೆಯಬಾರದಿತ್ತು.

ಮೆಟ್ಟಿಲ ಕಥೆ ಓದಿ ನಿಜವಾಗಿಯೂ ನಗು ಬಂತು. ಇನ್ನಷ್ಟು ಬರಿ. ಯಾರು ಏನನ್ನುತ್ತಾರೆ, ಅವರ ಮಾತಿನಲ್ಲೇ ಬರಿ. ನೀನು ಹೇಳಿದರೆ ಕಣ್ಣಿಗೆ ಕಟ್ಟುತ್ತದೆ. ಅವರಿಗೆಲ್ಲ ಏನು ಸಂಕಟ? ಆ ಪರದೆಯ ಬಗ್ಗೆ ಏನನ್ನುತ್ತಾರೆ? ನಿನ್ನ ಕನ್ನಡಕದ ಹುಡುಗಿ ಏನನ್ನುತ್ತಾಳೆ? ಇಲ್ಲಿ ನನಗೆ ಸಂಜೆ ಬೇಸರ. ನಿನ್ನ ಕಾಗದ ಬಂದರೆ ಹೊತ್ತು ಹೋಗುತ್ತದೆ.

ಬಿಸಿನೀರು ಕುಡಿ. ಗಂಟಲು ಜೋಪಾನ.

ನಿನ್ನ ಮಗಳು

*

ಜುಲೈ 8

ನನ್ನ ಜಾಣಿ,

ನಿನ್ನ ಕಾಗದ ಬಂದ ದಿನ ನನ್ನ ಓದು ಎಷ್ಟು ಚೆನ್ನಾಗಿತ್ತೆಂದರೆ ಮರಿಸಾಹೇಬರೇ ಬಂದು ಬಾಗಿಲಲ್ಲಿ ನಿಂತು ಕೇಳಿದರು.

ಕೇಳು ಹಾಗಾದರೆ. ತಲೆಬರಹ ಬರೆಯುವವನೊಬ್ಬನಿದ್ದಾನೆ. "ಅಮ್ಮ, ನಾನು ಬರೆದ ಲೇಖನವನ್ನ ಯಾರೂ ಓದಲ್ಲ. ತಲೆಬರಹ ನೋಡಿ ಜಗಳ ಆಡ್ತಾರೆ, ಹೋಗ್ತಾರೆ" ಅನ್ನುತ್ತಾನೆ. ಚೆಲುವೆಯೂ ಒಂದು ದಿನ ಮೆಟ್ಟಿಲಿಗೆ ಬಂದಳು, ಗೊತ್ತಾ? ಮುಖದ ಬಣ್ಣ ಒರೆಸಿಕೊಳ್ಳುತ್ತಾ, "ನನ್ನ ಅಮ್ಮಂಗೆ ಹುಷಾರಿಲ್ಲ ಅಂತ ರಜೆ ಕೇಳಿದ್ರೆ, ಆಸ್ಪತ್ರೆಯಿಂದ್ಲೇ ಒಂದು ವಿಡಿಯೊ ಮಾಡ್ತೀರಾ ಅಂದ್ರು" ಅಂದಳು. ನನಗೆ ಅವಳ ಮೇಲಿದ್ದ ಸಿಟ್ಟು ಅರ್ಧ ಹೋಯಿತು. ಅರ್ಧ ಇದೆ.

ಕನ್ನಡಕ ಹೇಳಿದ್ದೇ ನನ್ನ ಮನಸ್ಸಿನಲ್ಲಿ ಕೂತಿರುವುದು. ಊಟದ ಡಬ್ಬಿ ಮುಚ್ಚುತ್ತಾ ಅಂದಳು: "ಆ ಗೋಡೆ ನಮ್ಮ ನಾಡಿ ಅಮ್ಮ. ಅದು ಬಿದ್ರೆ ನಾವು ಬದುಕಿದ್ದೀವಾ ಅಂತ ಮೈ ಮುಟ್ಟಿ ನೋಡ್ಕೋತೀವಿ." ಬೇರೆ ಕಡೆ ಕೆಲಸ ಹುಡುಕುತ್ತಿದ್ದಾಳೆ. ಯಾರಿಗೂ ಹೇಳಿಲ್ಲ, ನನಗೆ ಮಾತ್ರ ಹೇಳಿದ್ದಾಳೆ. ಅವಳು ಹೋದರೆ ನನ್ನ ಗತಿ ಏನೋ.

ಆದರೂ ಎಲ್ಲರೂ ಮರುದಿನ ಬರುತ್ತಾರೆ. ನಾನೂ ಹೋಗುತ್ತೇನೆ. ಬೈದುಕೊಂಡೇ ತಿನ್ನುವ ಊಟದಂತೆ.

ನಿನ್ನ ಜೊತೆ ಹೀಗೆ ಹರಟೆ ಹೊಡೆದು ಎಷ್ಟು ವರ್ಷವಾಗಿತ್ತು!

ಹರಟೆಮಲ್ಲಿ,
ನಿನ್ನ ಅಮ್ಮ

*

ಆಗಸ್ಟ್ 25

ಮಗಳೇ,

ನಿಮ್ಮ ವಾರಪತ್ರಿಕೆ ಇಲ್ಲಿಗೆ ಬರುವುದಿಲ್ಲ ಅಂದುಕೊಂಡಿದ್ದೆಯೇನೋ. ಅದರ ಪುಟಗಳ ಚಿತ್ರ ನಮ್ಮ ಆಫೀಸಿನ ಎಲ್ಲರ ಕೈಯಲ್ಲೂ ಇತ್ತು. ನಾಲ್ಕು ಪುಟ. 'ನಗುವ ಮುಖ ಒತ್ತಿ: ಒಂದು ಡಿಜಿಟಲ್ ಮಾಧ್ಯಮ ಕಂಪನಿಯ ನೌಕರರು ಏನನ್ನುತ್ತಾರೆ.' ಕಂಪನಿಯ ಹೆಸರಿಲ್ಲ, ಜನರ ಹೆಸರಿಲ್ಲ. ಮೆಟ್ಟಿಲಿದೆ, ಯಂತ್ರ ಇದೆ, ನಾಡಿ ಇದೆ. 'ಬೈದುಕೊಂಡೇ ತಿನ್ನುವ ಊಟ' ಕೂಡ ಇದೆ. ಅದು ನನ್ನ ಮಾತು.

ನಾಡಿಯ ಮಾತನ್ನು ಕನ್ನಡಕ ಒಮ್ಮೆ ಮೀಟಿಂಗಿನಲ್ಲೂ ಆಡಿದ್ದಳಂತೆ. ಅವಳೇ ಹೊರಗೆ ಬಾಯಿ ಬಿಟ್ಟಿದ್ದಾಳೆ ಅಂತ ಹಿಡಿದರು. ಬೇರೆ ಕೆಲಸ ಹುಡುಕುತ್ತಿರುವುದೂ ಬರೆದಿದ್ದೆಯಲ್ಲ, ಅನುಮಾನಕ್ಕೆ ಜಾಗವೇ ಉಳಿಯಲಿಲ್ಲ. ಮಧ್ಯಾಹ್ನ ಮೇಜು ಖಾಲಿ ಮಾಡಿಸಿದರು. ಅವಳಿಗಿನ್ನೂ ಬೇರೆ ಕೆಲಸ ಸಿಕ್ಕಿರಲಿಲ್ಲ. ಹೋಗುವಾಗ ಒಂದೇ ಒಂದು ಸಲ ನನ್ನ ಕೋಣೆಯ ಕಡೆ ನೋಡಿದಳು. ಅವಳಿಗೆ ಗೊತ್ತಿತ್ತು. ಯಾರಿಗೂ ಹೇಳಲಿಲ್ಲ.

ನಾನು ಮರಿಸಾಹೇಬರ ಕೋಣೆಗೆ ಹೋದೆ. "ಸಾರ್, ಹೇಳಿದ್ದು ಅವಳಲ್ಲ. ನಾನು. ಬರೆದವಳು ನನ್ನ ಮಗಳು" ಅಂದೆ. ಅವರು ಗೋಡೆಯ ಪರದೆ ನೋಡಿ, ಆಮೇಲೆ ನನ್ನನ್ನು ನೋಡಿದರು.

"ನಿಮ್ಮ ಮಗಳಾ? ಚೆನ್ನಾಗಿ ಬರೀತಾರೆ. ಅದು ಬಂದ್ಮೇಲೆ ಯಾವ ಕಂಪನಿ ಅಂತ ಜನ ಹುಡುಕ್ಕೊಂಡು ನಮ್ಮ ಹತ್ರನೇ ಬರ್ತಿದ್ದಾರೆ. ಅವರನ್ನೂ ಕರೀರಿ. ಅಮ್ಮ ಮಗಳು ಒಟ್ಟಿಗೆ ಕೂತು ಜಗಳ ಆಡಿ. ಜನ ಕೇಳ್ತಾರೆ."

"ಆ ಹುಡುಗಿ?"

"ಅದು ಆಗೋಯ್ತಲ್ಲ ಬಿಡಿ. ಕಿಟಕಿ ಪಕ್ಕದ ಜಾಗ ಖಾಲಿ ಇದೆ. ನಿಮ್ಮ ಮಗಳು ಅಲ್ಲೇ ಕೂರ್ಲಿ."

ಅವರು ಕೊಟ್ಟ ನೇಮಕದ ಪತ್ರ ಇದರ ಜೊತೆಗಿದೆ. ನಾನು ಏನೂ ಹೇಳುವುದಿಲ್ಲ. ನೀನು ಬೇಕೆಂದಿದ್ದು ಇದೇ.

ಅಮ್ಮ

*

ಸೆಪ್ಟೆಂಬರ್ 14

ಅಮ್ಮ,

ಏನೂ ಮುಚ್ಚಿಡದೆ ಬರೆಯುತ್ತೇನೆ.

ಲಕೋಟೆ ಒಡೆದಾಗ ನಾನು ಮೊದಲು ಓದಿದ್ದು ನಿನ್ನ ಕಾಗದವನ್ನಲ್ಲ, ಅವರದನ್ನು. ನನ್ನ ಹೆಸರನ್ನು ಚೆಂದವಾಗಿ ಅಚ್ಚುಹಾಕಿದ್ದರು. ಕುಣಿಯುವಷ್ಟು ಸಂತೋಷವಾಯಿತು. ಕಿಟಕಿಯ ಮೇಜಿನ ಮೇಲೆ ಬಿಸಿಲು ಯಾವ ಹೊತ್ತಿಗೆ ಬೀಳುತ್ತದೆ ಅಂತ ಯೋಚಿಸಿದೆ. ಆಮೇಲೆ ನಿನ್ನ ಕಾಗದ ಓದಿದೆ. ಆ ಮೇಜು ಯಾಕೆ ಖಾಲಿಯಾಯಿತು ಅಂತ ತಿಳಿಯಿತು.

ಬರೆಯುವಾಗ ನನಗೆ ನಾನೇ ಹೇಳಿಕೊಂಡೆ: ಇದು ನಿಜ, ಜನಕ್ಕೆ ತಿಳಿಯಬೇಕು, ಯಾರಾದರೂ ಬರೆಯಬೇಕು. ಅದರಲ್ಲಿ ಸುಳ್ಳೇನಿಲ್ಲ. ನಮ್ಮ ಸಂಪಾದಕರು ಬೆನ್ನು ತಟ್ಟಿದರು. ಆದರೆ ಅಮ್ಮ, ಬೇರೆ ಯಾವುದೋ ಕಂಪನಿಯ ಮೆಟ್ಟಿಲ ಮಾತಾಗಿದ್ದರೆ ನಾನು ಒಂದು ಸಾಲೂ ಬರೆಯುತ್ತಿರಲಿಲ್ಲ. ನೀನು ಪ್ರತಿದಿನ ಹತ್ತುವ ಮೆಟ್ಟಿಲು ಅದು, ಅದಕ್ಕೇ ಬರೆದೆ. ಆ ಮನೆಗೆ ಬೆಂಕಿ ಬೀಳಲಿ ಅನ್ನಿಸಿತು. ನೀನು ಒಳಗಿದ್ದೀಯ ಅಂತ ಗೊತ್ತಿದ್ದೂ ಅನ್ನಿಸಿತು. 'ಬೇಸರ, ಹರಟೆಗೆ ಬರಿ' ಅಂದದ್ದು ಸುಳ್ಳು. ಸುದ್ದಿಗಾಗಿ ಬರೆಸಿದೆ.

ಅವರಿಗೆ ಒಲ್ಲೆ ಅಂತ ಬರೆದಿದ್ದೇನೆ. ಆ ಹುಡುಗಿಯನ್ನು ವಾಪಸ್ ಕರೆಸಿಕೊಳ್ಳಿ ಅಂತಲೂ ಬರೆದೆ. ಉತ್ತರ ಬಂದಿಲ್ಲ, ಬರುವುದೂ ಇಲ್ಲ.

ಅವಳ ವಿಳಾಸ ಗೊತ್ತಿದ್ದರೆ ಕಳಿಸು.

ನಿನ್ನ ಮಗಳು

*

ಅಕ್ಟೋಬರ್ 5

ಜಾಣಿ,

ನೀನು ಮುಚ್ಚಿಡದೆ ಬರೆದೆ. ನಾನೂ ಬರೆಯುತ್ತೇನೆ.

ನೀನು ಒಲ್ಲೆ ಅಂದದ್ದನ್ನು ಓದಿ ನನಗೆ ಮೊದಲು ಬಂದದ್ದು ಹೆಮ್ಮೆಯಲ್ಲ. ಹಾಯೆನಿಸಿತು. ನೀನು ಬಂದರೆ ಅರ್ಧ ಮೈಕು ನಿನಗೆ ಹೋಗುತ್ತಿತ್ತು. ನೀನು ಓದಿದವಳು, ಬರೆಯಬಲ್ಲವಳು. ನಿನ್ನ ಮಾತು ತಡೆದರೂ ಜನ ನಿನ್ನನ್ನೇ ಇಷ್ಟಪಟ್ಟರೆ? ಆ ಲೆಕ್ಕಾಚಾರ ನನ್ನ ತಲೆಯಲ್ಲಿ ಓಡಿತು. ಹೆತ್ತ ಮಗಳ ಮೇಲೆ! ಜೀವಮಾನದಲ್ಲಿ ಯಾರೂ ನನ್ನ ದನಿಯನ್ನು ನನ್ನದೆಂದು ಕೇಳಿರಲಿಲ್ಲ. "ಡಾಕ್ಟರ್ ಕೊಡಿ, ವಾರ್ಡ್ ಕೊಡಿ" ಅನ್ನುತ್ತಿದ್ದರು, ನಾನು ಕೊಡುತ್ತಿದ್ದೆ. ಈಗ ಸಿಕ್ಕಿದ್ದನ್ನು ಹಂಚಿಕೊಳ್ಳಲು ಮನಸ್ಸು ಬರಲಿಲ್ಲ.

ಕೆಲಸ ಬಿಡುತ್ತೇನೆ ಅಂತ ಒಂದು ದಿನ ನಿಶ್ಚಯಿಸಿಕೊಂಡೇ ಹೋಗಿದ್ದೆ. ಸ್ಪಂಜಿನ ಕೋಣೆಯಲ್ಲಿ ಕೆಂಪು ದೀಪ ಹತ್ತಿತು. ಕೂತು ಓದಿದೆ. ಮರುದಿನವೂ ಓದಿದೆ. ಹೀಗಿದ್ದೇನೆ ನಾನು.

ಕನ್ನಡಕ ಮೊನ್ನೆ ತರಕಾರಿ ಅಂಗಡಿಯಲ್ಲಿ ಸಿಕ್ಕಳು. ಓಡಿಹೋಗಿ ಕೈ ಹಿಡಿದೆ. ಕೈ ಬಿಡಿಸಿಕೊಳ್ಳಲಿಲ್ಲ. "ಚೆನ್ನಾಗಿದ್ದೀರಾ, ಮೇಡಂ?" ಅಂದಳು. ಮೊದಲ ದಿನದಿಂದ ಅಮ್ಮ ಅನ್ನುತ್ತಿದ್ದವಳು.

ವಿಳಾಸ ಹಿಂದಿನ ಪುಟದಲ್ಲಿದೆ. ಒಟ್ಟಿಗೆ ಹೋಗೋಣ ಅನ್ನಬೇಡ, ನನಗೆ ಮುಖವಿಲ್ಲ.

ಅಮ್ಮ

*

ನವೆಂಬರ್ 2

ಅಮ್ಮ,

ಇವತ್ತು ನಿನ್ನ ಊರಿಗೆ ಬಂದಿದ್ದೆ. ನಿನಗೆ ಹೇಳಲಿಲ್ಲ. ಬೈದುಕೋ.

ಅವಳ ಮನೆ ಎರಡನೆಯ ಮಹಡಿ. ಬಾಗಿಲು ತೆಗೆದದ್ದು ಅವಳೇ. ಕನ್ನಡಕ ನೋಡಿ ಗೊತ್ತಾಯಿತು. ನಾನು ಯಾರು ಅಂತ ಹೇಳಲು ಹೋದೆ. ಎಂದಿನಂತೆ ಮೊದಲ ಅಕ್ಷರದಲ್ಲೇ ನಿಂತೆ. ದಾರಿಯಿಡೀ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಅದರ ಹಿಂದೆ ಸಾಲುಗಟ್ಟಿ ನಿಂತವು. ಅವಳು ಕಾದಳು. ನೆಲ ನೋಡಲಿಲ್ಲ, ನನ್ನ ಪರವಾಗಿ ಹೇಳಲಿಲ್ಲ. ಕೊನೆಗೆ ನಾನೇ ಹೇಳಿದೆ.

"ಗೊತ್ತಾಯ್ತು. ಮೂಗು ನಿಮ್ಮಮ್ಮಂದೇ" ಅಂದಳು.

ಒಳಗೆ ಕರೆದಳು. ಶಾಲೆಗಳಿಗೆ ಪಾಠದ ವಿಡಿಯೊ ಕತ್ತರಿಸಿಕೊಡುತ್ತಾಳೆ ಈಗ, ಮನೆಯಿಂದಲೇ, ಮಂಚದ ಮೇಲೆ ಕಂಪ್ಯೂಟರ್ ಇಟ್ಟುಕೊಂಡು. ಕ್ಷಮಿಸಿ ಅಂದೆ. ಅದನ್ನು ಹೇಳಲೂ ಬಹಳ ಹೊತ್ತು ಹಿಡಿಯಿತು. ಅವಳು ಕಂಪ್ಯೂಟರ್ ಮುಚ್ಚಿ, "ನೀವು ಬರೆದಿದ್ದೆಲ್ಲ ಸರಿಯಾಗೇ ಇತ್ತು. ಬರೆಯೋ ಮುಂಚೆ ನನ್ನನ್ನ ಒಂದು ಮಾತು ಕೇಳ್ಬೇಕಿತ್ತು. ಕೇಳಿದ್ರೆ ನಾನೇ ಹೇಳ್ತಿದ್ನೇನೋ. ಹೆಸರು ಹಾಕೇ ಹೇಳ್ತಿದ್ನೇನೋ" ಅಂದಳು. ಪರವಾಗಿಲ್ಲ ಅನ್ನಲಿಲ್ಲ. ನಾನೂ ಅದನ್ನು ಎದುರುನೋಡುವಂತಿರಲಿಲ್ಲ.

ಹೊರಡುವಾಗ ಬಾಗಿಲ ಹತ್ತಿರ ನಿಂತು, "ನಾನು ಈಗ್ಲೂ ದಿನಾ ಕೇಳ್ತೀನಿ" ಅಂದಳು. "ಹೊಸಬರಿಗೆ ಅಮ್ಮನ್ನ ಕತ್ತರಿಸೋಕೆ ಬರ್ತಿಲ್ಲ. ದುಃಖದ ಕಾಗದ ಓದೋಕೆ ಮುಂಚೆ ಅವರು ಒಂದು ಉಸಿರು ತಗೋತಾರೆ, ಸಣ್ಣದು. ಅದನ್ನ ಇವರು ತೆಗೆದುಹಾಕ್ತಿದ್ದಾರೆ. ಅದು ಇರ್ಬೇಕು. ಹೇಳಿ ಅವರಿಗೆ."

ಮೆಟ್ಟಿಲಿಳಿಯುತ್ತಾ ನನಗೆ ಏನಾಯಿತು ಗೊತ್ತಾ ಅಮ್ಮ? ಇಷ್ಟೆಲ್ಲ ಆದ ಮೇಲೂ, ಅವಳ ಅನ್ನ ಕಿತ್ತ ಮೇಲೂ, ಅವಳ ಮೇಲೆ ಹೊಟ್ಟೆಕಿಚ್ಚಾಯಿತು. ನೀನು ಎಲ್ಲಿ ಉಸಿರು ತೆಗೆದುಕೊಳ್ಳುತ್ತೀ ಅಂತ ಅವಳಿಗೆ ಗೊತ್ತು, ನನಗೆ ಗೊತ್ತಿಲ್ಲ.

ರೈಲಿನಲ್ಲಿ ಕೂತು 'ಸಂಜೆಯ ಕರೆ' ಹಾಕಿಕೊಂಡೆ. ಪುರುಸೊತ್ತಿಲ್ಲ ಅಂದದ್ದು ನೆಪ. ಇಷ್ಟು ದಿನ ಧೈರ್ಯವಿರಲಿಲ್ಲ. ಏಪ್ರಿಲ್‌ನದರಿಂದ ಶುರು ಮಾಡಿದೆ, ಅವಳು ಕತ್ತರಿಸಿದ್ದವುಗಳಿಂದ. ಗಂಡನನ್ನು ಕಳೆದುಕೊಂಡು ಇನ್ನೂ ಎರಡು ಲೋಟ ಚಹಾ ಮಾಡುವ ಹೆಂಗಸಿನ ಕಾಗದವೊಂದನ್ನು ಓದಿದ್ದೀಯಲ್ಲ, ಅದರ ಮುಂಚೆ ಆ ಉಸಿರು ಕೇಳಿಸಿತು. ಮೇ ತಿಂಗಳದೂ ಕೇಳಿದೆ. ನನ್ನ ಕನ್ನಡಿಯ ಕಥೆಯದು. ಸಿಟ್ಟು ಬಂತು, ಈಗಲೂ ಇದೆ. ಪೂರ್ತಿ ಕೇಳಿದೆ.

ನಾನು ಇಳಿಯಬೇಕಾದ ನಿಲ್ದಾಣ ಯಾವಾಗ ಹೋಯಿತೋ ತಿಳಿಯಲಿಲ್ಲ. ಎರಡು ನಿಲ್ದಾಣ ಆಚೆ, ಗುರುತಿಲ್ಲದ ಊರಿನ ಕಲ್ಲುಬೆಂಚಿನ ಮೇಲೆ ಕೂತು, ವಾಪಸ್ ಹೋಗುವ ರೈಲಿಗೆ ಕಾಯುತ್ತಾ ಇದನ್ನು ಬರೆಯುತ್ತಿದ್ದೇನೆ.

ಚೆನ್ನಾಗಿ ಓದುತ್ತೀಯಮ್ಮ. ಹೊಟ್ಟೆ ಉರಿಯುವಷ್ಟು ಚೆನ್ನಾಗಿ ಓದುತ್ತೀ.

ನಿನ್ನ ಮಗಳು